‘ಬ್ಯಾಂಗಲೋರ್ಡ್’ ಅಂದ್ರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದವರ ಆಡುಮಾತಿನಲ್ಲಿ ನಮ್ಮ ಬೆಂಗಳೂರಿನ ಹೆಸರು ಒಂದು ಕ್ರಿಯಾಪದ ಆಗಿದೆ ಅಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ನಂಬಿದವರು ಬಿಡುವುದಿಲ್ಲ, ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ, ಆಫೀಸಿನ ಟೀ ಟೈಮಲ್ಲಿ, ಅಮೆರಿಕದಲ್ಲಿರುವ ಅಣ್ಣನ ಮಗ ಕಳಿಸುವ ವಾಟ್ಸಾಪ್ ಮೆಸೇಜಲ್ಲಿ ನನ್ನ ಹತ್ತಿರ ಬಂದ ಪ್ರಶ್ನೆಗಳು ಇಲ್ಲಿವೆ. ನಾನು ಭಾಷಾಪಂಡಿತ ಅಲ್ಲ. ಈ ಪದ ಹುಟ್ಟಿದ ಕಾಲದಲ್ಲಿ ಫೋನಿನ ಈ ಕಡೆ ಕೂತಿದ್ದವನು, ಅಷ್ಟೇ.

ಒಂದೇ ಮಾತಲ್ಲಿ ಹೇಳಿ, ಬ್ಯಾಂಗಲೋರ್ಡ್ ಅಂದ್ರೆ ಏನು?

ನಿಮ್ಮ ಕೆಲಸವನ್ನು ಕಂಪನಿಯವರು ಭಾರತಕ್ಕೆ ಕಳಿಸಿ, ನಿಮ್ಮನ್ನು ಮನೆಗೆ ಕಳಿಸಿದರೆ ನೀವು ಬ್ಯಾಂಗಲೋರ್ಡ್ ಆದಿರಿ ಅಂತ ಅರ್ಥ. ಕೆಲಸ ಬೆಂಗಳೂರಿಗೇ ಹೋಗಿರಬೇಕು ಅಂತೇನಿಲ್ಲ. ಪುಣೆಗೆ ಹೋಗಿದ್ದರೂ, ಗುರುಗ್ರಾಮಕ್ಕೆ ಹೋಗಿದ್ದರೂ ಪದ ಇದೇ. ‘ಐ ಗಾಟ್ ಬ್ಯಾಂಗಲೋರ್ಡ್’, ‘ಹಿ ಹ್ಯಾಸ್ ಬೀನ್ ಬ್ಯಾಂಗಲೋರ್ಡ್’ ಅನ್ನುವುದು ವಾಡಿಕೆ. ಬರೀ ಕೆಲಸ ಹೋದರೆ ಆಗಲಿಲ್ಲ, ಆ ಕೆಲಸ ಇನ್ನೊಂದು ದೇಶದಲ್ಲಿ ಇನ್ನೊಬ್ಬರ ಮೇಜಿನ ಮೇಲೆ ಬದುಕಿರಬೇಕು. ಕಂಪನಿಯೇ ಬಾಗಿಲು ಹಾಕಿದರೆ ಅದು ಬೇರೆ ಕಥೆ.

ನೀವು ಈ ಪದ ಮೊದಲು ಕೇಳಿದ್ದು ಎಲ್ಲಿ?

2004ರಲ್ಲಿ, ರಾತ್ರಿ ಎರಡೂವರೆ ಗಂಟೆಗೆ, ಹೆಡ್‌ಫೋನಿನಲ್ಲಿ.

ಆಗ ನಾನು ಹೊಸೂರು ರಸ್ತೆ ಕಡೆಯ ಒಂದು ಕಾಲ್ ಸೆಂಟರಿನಲ್ಲಿದ್ದೆ. ಸಂಜೆ ಏಳಕ್ಕೆ ಕ್ವಾಲಿಸ್ ಗಾಡಿ ಮನೆ ಹತ್ತಿರ ಬಂದು ಹಾರ್ನ್ ಹೊಡೆಯುತ್ತಿತ್ತು. ಅಮೆರಿಕದವರ ಪ್ರಿಂಟರ್‌ಗಳಿಗೆ ಕಾಯಿಲೆ ಬಂದರೆ ನಾವು ಫೋನಲ್ಲೇ ಮದ್ದು ಹೇಳಬೇಕು. ಶಿಫ್ಟಿನಲ್ಲಿ ಎಲ್ಲರಿಗೂ ಒಂದೊಂದು ಇಂಗ್ಲಿಷ್ ಹೆಸರು. ಊರು ಯಾವುದು ಅಂತ ಕೇಳಿದರೆ ಹೇಳುವ ಹಾಗಿರಲಿಲ್ಲ.

ಆ ರಾತ್ರಿ ಓಹಾಯೊ ರಾಜ್ಯದ ಒಬ್ಬ ವಯಸ್ಸಾದವರು ಲೈನಿಗೆ ಬಂದರು. ಪೇಪರ್ ಸಿಕ್ಕಿಹಾಕಿಕೊಂಡಿತ್ತು. ಹಿಂದಿನ ಮುಚ್ಚಳ ತೆಗೆಸಿದೆ, ರೋಲರ್ ತಿರುಗಿಸಲು ಹೇಳಿದೆ. ಅವರು ನಿಧಾನದ ಮನುಷ್ಯ. ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಗಳ ಮನೆಗೆ ಬಂದಿದ್ದೇನೆ, ಪ್ರಿಂಟರ್ ಅಳಿಯನದು, ಕೆಲಸಕ್ಕೆ ಅರ್ಜಿ ಪ್ರಿಂಟ್ ಮಾಡಬೇಕಿದೆ ಅಂದರು. ಆಮೇಲೆ ಅಳಿಯ ‘ಬ್ಯಾಂಗಲೋರ್ಡ್’ ಆಗಿ ಎರಡು ತಿಂಗಳಾಯಿತು ಅಂದರು. ನನಗೆ ಕೇಳಿಸಿದ್ದು ಕೊನೆಯ ‘ಲೋರ್ಡ್’ ಮಾತ್ರ. ‘ಬೋರ್ಡ್’ ಅಂದರೇನೋ, ಅಳಿಯನಿಗೆ ಮನೆಯಲ್ಲಿ ಕೂತು ಬೇಜಾರಾಗಿದೆ ಅಂತಿದ್ದಾರೇನೋ ಅಂದುಕೊಂಡು ‘ಅಯ್ಯೋ, ಸಾರಿ ಸರ್, ಏನಾದರೂ ಹವ್ಯಾಸ ಬೆಳೆಸಿಕೊಳ್ಳಲಿ’ ಅಂದುಬಿಟ್ಟೆ! ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ಪೇಪರ್ ಸರ್ರನೆ ಹೊರಗೆ ಬಂದ ಸದ್ದು. ಥ್ಯಾಂಕ್ಸ್ ಹೇಳಿ ಇಟ್ಟರು.

ಕಾಲ್ ಕೇಳಿಸಿಕೊಳ್ಳುತ್ತಿದ್ದ ನಮ್ಮ ಟೀಮ್ ಲೀಡರ್ ಟೀ ಕುಡಿಯುವಾಗ ಅರ್ಥ ಬಿಡಿಸಿ ಹೇಳಿದರು. ನಾನು ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಲ್ಲ, ಆ ಮುದುಕರಿಗೆ ನಾನು ಎಲ್ಲಿಂದ ಮಾತಾಡುತ್ತಿದ್ದೇನೆ ಅಂತ ಗೊತ್ತಿತ್ತಾ? ಗೊತ್ತಿದ್ದೇ ಹೇಳಿದರಾ? ಅದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಈ ಪದ ಹುಟ್ಟಿದ್ದು ಯಾವಾಗ? ಯಾಕೆ ಆಗಲೇ?

2000ರ ದಶಕದ ಮೊದಲ ವರ್ಷಗಳಲ್ಲಿ. 2004ರ ಹೊತ್ತಿಗೆ ಪೇಪರುಗಳಲ್ಲಿ ಬರುತ್ತಿತ್ತು, ಟೀ ಶರ್ಟ್ ಮೇಲೂ ಅಚ್ಚಾಗಿತ್ತು. ‘ಬ್ಯಾಂಗಲೋರ್ಡ್ ಆಗಬೇಡಿ’ ಅನ್ನುವ ಅರ್ಥದ ಟೀ ಶರ್ಟ್‌ಗಳು ಮಾರಾಟವಾದ ಸುದ್ದಿ ಓದಿ ನಮ್ಮ ಶಿಫ್ಟಿನ ಒಬ್ಬ ‘ನಮಗೂ ಒಂದು ಡಜನ್ ತರಿಸೋಣ’ ಅಂತಿದ್ದ.

ಯಾಕೆ ಆಗಲೇ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಉಪಗ್ರಹದ ಮೂಲಕ ಅಮೆರಿಕದ ಜೊತೆ ನೇರ ಸಂಪರ್ಕ ಇಟ್ಟುಕೊಂಡು ಇಲ್ಲಿ ಕೂತು ಅಲ್ಲಿಗೆ ಕೆಲಸ ಮಾಡಬಹುದು ಅಂತ ತೋರಿಸಿದ್ದು ಅವರು. ಆದರೆ ಅದು ಕೆಲವೇ ಎಂಜಿನಿಯರುಗಳ ವಿಷಯ. ಜನಸಾಮಾನ್ಯರ ಕಣ್ಣಿಗೆ ಬೀಳುವಂಥದ್ದಲ್ಲ.

ಆಮೇಲೆ 1991ರ ಆರ್ಥಿಕ ಸುಧಾರಣೆ ಬಂತು. ಸಾಫ್ಟ್‌ವೇರ್ ರಫ್ತಿಗೆ ಅಂತಲೇ ಸರ್ಕಾರದ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಬಂತು. 1990ರ ದಶಕದ ಕೊನೆಗೆ ವೈಟುಕೆ ಗಲಾಟೆ. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ ಬರೆದಿದ್ದರಿಂದ 2000 ಬಂದಾಗ ಕಂಪ್ಯೂಟರ್ ಅದನ್ನು 1900 ಅಂದುಕೊಂಡೀತು ಅನ್ನುವ ಭಯ. ಅಷ್ಟು ಸಾಲುಗಳನ್ನು ಕೂತು ತಿದ್ದಲು ಅಮೆರಿಕಕ್ಕೆ ಜನ ಬೇಕಿತ್ತು, ನಮ್ಮಲ್ಲಿ ಜನ ಇದ್ದರು. ಆ ಒಂದು ಕೆಲಸದಿಂದ ಅಲ್ಲಿನ ದೊಡ್ಡ ದೊಡ್ಡ ಕಂಪನಿಗಳಿಗೆ ಇಲ್ಲಿನವರ ಪರಿಚಯ ಆಯಿತು.

ಪರಿಚಯ ಆದ ಮೇಲೆ ಬಿದ್ದದ್ದು ಡಾಟ್‌ಕಾಂ ಗುಳ್ಳೆ, ಅಂದರೆ ಇಂಟರ್‌ನೆಟ್ ಕಂಪನಿಗಳ ಷೇರುಗಳ ಉಬ್ಬರ. 2000, 2001ರಲ್ಲಿ ಒಡೆಯಿತು. ಅಮೆರಿಕದ ಕಂಪನಿಗಳಿಗೆ ಖರ್ಚು ಇಳಿಸಬೇಕಾಗಿತ್ತು. ಅದೇ ಗುಳ್ಳೆಯ ಕಾಲದಲ್ಲಿ ಸಮುದ್ರದಡಿ ಬೇಕಾದ್ದಕ್ಕಿಂತ ಜಾಸ್ತಿ ಫೈಬರ್ ಕೇಬಲ್ ಹಾಕಿಬಿಟ್ಟಿದ್ದರು. ಹಾಕಿದವರು ದಿವಾಳಿ ಎದ್ದರು, ಕೇಬಲ್ ಮಾತ್ರ ಉಳಿಯಿತು. ಖಂಡಾಂತರ ಫೋನ್ ಲೈನ್ ಅಗ್ಗ ಆಯಿತು. ಖರ್ಚು ಇಳಿಸುವ ಆತುರ, ಅಗ್ಗದ ಲೈನ್, ಇಂಗ್ಲಿಷ್ ಬಲ್ಲ ಹುಡುಗರು ಮೂರೂ ಒಟ್ಟಿಗೆ ಸಿಕ್ಕವು. ನಾನು ಆ ಹುಡುಗರಲ್ಲಿ ಒಬ್ಬ.

2002ರ ನವೆಂಬರ್‌ನಲ್ಲಿ ಫಾರೆಸ್ಟರ್ ರಿಸರ್ಚ್ ಅನ್ನುವ ಸಂಸ್ಥೆ ಒಂದು ಅಂದಾಜು ಹೊರಡಿಸಿತು. 2015ರ ಹೊತ್ತಿಗೆ ಅಮೆರಿಕದ ಸುಮಾರು 33 ಲಕ್ಷ ಸೇವಾ ಕೆಲಸಗಳು ಹೊರದೇಶಕ್ಕೆ ಹೋಗುತ್ತವೆ ಅಂತ. ಆ ಅಂಕಿ ಟೀವಿಯಲ್ಲಿ, ಸಂಸತ್ತಿನಲ್ಲಿ, ಊಟದ ಮೇಜಿನಲ್ಲಿ ಸುತ್ತಾಡಿತು. ಮೊದಲು ಕಾರ್ಖಾನೆ ಕೆಲಸ ಚೀನಾಕ್ಕೆ, ಮೆಕ್ಸಿಕೋಗೆ ಹೋದಾಗ ಸುಮ್ಮನಿದ್ದ ಕುರ್ಚಿ ಕೆಲಸದವರಿಗೆ ಈಗ ತಮ್ಮ ಕುರ್ಚಿಯೇ ಅಲ್ಲಾಡಿದಂತಾಯಿತು. ಹೆದರಿಕೆಗೆ ಒಂದು ಹೆಸರು ಬೇಕಿತ್ತು.

ಹೈದರಾಬಾದ್, ಪುಣೆ, ಚೆನ್ನೈ ಎಲ್ಲ ಇದ್ದವಲ್ಲ. ಬೆಂಗಳೂರೇ ಯಾಕೆ?

ಅರ್ಧ ಕಾರಣ ಊರಿನದು. 1909ರಲ್ಲಿ ಶುರುವಾದ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ), 1940ರ ಎಚ್‌ಎಎಲ್, ಆಮೇಲೆ ಐಟಿಐ, ಬಿಇಎಲ್, ಇಸ್ರೊ. ಕಂಪ್ಯೂಟರ್ ಬರುವ ಮೊದಲೇ ಇದು ಎಂಜಿನಿಯರುಗಳ ಊರು. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರದ ಹತ್ತಿರ ಎಲೆಕ್ಟ್ರಾನಿಕ್ ಸಿಟಿ ಕನಸು ಕಂಡಾಗ ಅಲ್ಲಿ ರಾಗಿ ಹೊಲ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅಮೆರಿಕದ ಪತ್ರಕರ್ತರು ಕ್ಯಾಮೆರಾ ಹಿಡಿದು ಬಂದಿಳಿದದ್ದೂ ಇಲ್ಲಿಗೇ ಜಾಸ್ತಿ.

ಇನ್ನರ್ಧ ಕಾರಣ ನಾಲಿಗೆಯದು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಮುಂದಿನ ಪ್ರಶ್ನೆ.

ಊರಿನ ಹೆಸರು ಹೇಗೆ ಕ್ರಿಯಾಪದ ಆಗುತ್ತೆ?

ಇಂಗ್ಲಿಷಿಗೆ ಇದು ನೀರು ಕುಡಿದಷ್ಟು ಸುಲಭ. ನಾಮಪದವನ್ನು ಹಾಗೇ ಎತ್ತಿ ಕ್ರಿಯಾಪದದ ಜಾಗದಲ್ಲಿ ಕೂರಿಸಿದರೆ ಮುಗಿಯಿತು. ಹ್ಯಾಮರ್ ಅಂದರೆ ಸುತ್ತಿಗೆ, ಹ್ಯಾಮರ್ ಅಂದರೆ ಬಡಿ. ಬಾಟಲ್ ಅಂದರೆ ಸೀಸೆ, ಬಾಟಲ್ ಅಂದರೆ ಸೀಸೆಗೆ ತುಂಬು. ಪ್ರತ್ಯಯದ ಹಂಗಿಲ್ಲ.

ಈಗ ‘ಬ್ಯಾಂಗಲೋರ್’ ಅನ್ನುವ ಬ್ರಿಟಿಷರ ಉಚ್ಚಾರಣೆ ನೋಡಿ. ಅದರ ಸ್ಪೆಲಿಂಗಿನ ಕೊನೆಯಲ್ಲಿ ‘ಇ’ ಅಕ್ಷರ ಇದೆ. ಹಾಗಾಗಿ ಭೂತಕಾಲಕ್ಕೆ ಒಂದು ‘ಡಿ’ ಅಂಟಿಸಿದರೆ ಸಾಕು. ಕೇಳುವುದಕ್ಕೂ ಎಕ್ಸ್‌ಪ್ಲೋರ್ಡ್, ಇಗ್ನೋರ್ಡ್ ಅನ್ನುವ ಹಳೆಯ ಪದಗಳ ತಮ್ಮನ ಹಾಗಿದೆ. ಇಗ್ನೋರ್ಡ್ ಅಂದರೆ ಕಡೆಗಣಿಸಲ್ಪಟ್ಟವನು. ಬ್ಯಾಂಗಲೋರ್ಡ್ ಕೂಡ ಹೆಚ್ಚು ಕಡಿಮೆ ಅದೇ ಸ್ಥಿತಿ ಅಲ್ವಾ? ಕೇಳಿದ ತಕ್ಷಣ ಕಿವಿ ಒಪ್ಪಿಕೊಳ್ಳುತ್ತದೆ. ‘ಹೈದರಾಬಾದೆಡ್’ ಅಂತ ಹೇಳಿ ನೋಡಿ. ‘ಚೆನ್ನೈಡ್’? ನಗು ಬರುತ್ತದೆ ಹೊರತು ಹೆದರಿಕೆ ಬರುವುದಿಲ್ಲ.

ಹೀಗೆ ಕ್ರಿಯಾಪದ ಆದ ಬೇರೆ ಊರುಗಳಿವೆಯಾ?

ಇವೆ. ಎಲ್ಲಕ್ಕಿಂತ ಪ್ರಸಿದ್ಧ ಶಾಂಘೈ. ‘ಶಾಂಘೈಡ್’ ಅಂದರೆ ಮೋಸದಿಂದಲೋ ಬಲವಂತದಿಂದಲೋ ಎತ್ತಾಕಿಕೊಂಡು ಹೋಗಿ ಕೆಲಸಕ್ಕೆ ಹಚ್ಚುವುದು. 1870ರ ದಶಕದ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯೂರಿದ ಪದ. ಕಥೆ ಕೇಳಲು ರೋಚಕ, ಅನುಭವಿಸಿದವರಿಗೆ ನರಕ.

ಆಗ ಹಾಯಿ ಹಡಗುಗಳ ಕಾಲ. 1849ರ ಚಿನ್ನದ ಹುಚ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ನಾವಿಕರು ಹಡಗು ಬಿಟ್ಟು ಗಣಿ ಕಡೆ ಓಡುತ್ತಿದ್ದರು. ವಾಪಸ್ ಹೊರಡಲು ಕ್ಯಾಪ್ಟನ್‌ಗಳಿಗೆ ಆಳುಗಳಿಲ್ಲ. ಬಂದರಿನ ಪಕ್ಕದ ಛತ್ರ, ಹೆಂಡದಂಗಡಿ ನಡೆಸುವವರಿಗೆ ಇದೇ ದಂಧೆ ಆಯಿತು. ಕುಡಿಯಲು ಬಂದವನ ಲೋಟಕ್ಕೆ ಮತ್ತಿನ ಮದ್ದು ಬೆರೆಸುವುದು, ಪ್ರಜ್ಞೆ ತಪ್ಪಿದವನನ್ನು ಮೂಟೆಯ ಹಾಗೆ ದೋಣಿಗೆ ಹಾಕುವುದು, ಹಡಗಿಗೆ ತಲುಪಿಸಿ ತಲೆಗೆ ಇಷ್ಟು ಅಂತ ಎಣಿಸಿಕೊಳ್ಳುವುದು. ಆತನಿಗೆ ಎಚ್ಚರವಾದಾಗ ಸುತ್ತ ನೀರು. ಹಾಗೆ ಹೋಗುವ ಹಡಗುಗಳು ಹೆಚ್ಚಾಗಿ ಪೂರ್ವದ ಕಡೆ, ಶಾಂಘೈ ಕಡೆ ಹೊರಟಿರುತ್ತಿದ್ದವು. ಅದರಿಂದ ಈ ಹೆಸರು. ಪೋರ್ಟ್‌ಲ್ಯಾಂಡಿನಲ್ಲೂ ಇದೇ ವ್ಯಾಪಾರ. 1915ರಲ್ಲಿ ನಾವಿಕರ ರಕ್ಷಣೆಗೆ ಕಾನೂನು ಬಂದ ಮೇಲೆ ನಿಂತಿತು. ಉಗಿ ಹಡಗು ಬಂದು ಆಳುಗಳ ಅಗತ್ಯ ಕಡಿಮೆ ಆಗಿದ್ದೂ ಕಾರಣ.

ಇಲ್ಲಿ ಒಂದು ವಿಷಯ ಗಮನಿಸಿ. ಮದ್ದು ಹಾಕಿದವರು ಅಮೆರಿಕದವರು. ಹಣ ಕೊಟ್ಟವರು ಹಡಗಿನ ಕ್ಯಾಪ್ಟನ್‌ಗಳು. ಎಲ್ಲ ನಡೆದಿದ್ದು ಅವರದೇ ಬಂದರಿನಲ್ಲಿ. ಕೆಟ್ಟ ಹೆಸರು ಮಾತ್ರ ಏಳು ಸಮುದ್ರದಾಚೆ ತನ್ನ ಪಾಡಿಗೆ ತಾನಿದ್ದ ಶಾಂಘೈಗೆ! ಮಾಡಿದವರು ಯಾರೋ, ಹೆಸರು ಯಾರಿಗೋ. ಬೆಂಗಳೂರಿನ ಕಥೆಯೂ ಇದೇ ಅಂತ ನನ್ನ ಲೆಕ್ಕ. ಕಾಗದಕ್ಕೆ ಸಹಿ ಹಾಕಿದ್ದು ಓಹಾಯೊದಲ್ಲೋ ನ್ಯೂಜೆರ್ಸಿಯಲ್ಲೋ ಕೂತ ಕಂಪನಿಯವರು. ಕ್ರಿಯಾಪದ ಆಗಿದ್ದು ನಾವು.

ಕೊವೆಂಟ್ರಿ ಅನ್ನುವ ಇಂಗ್ಲೆಂಡಿನ ಊರಿನದು ಇನ್ನೂ ಬೇಸರದ ಕಥೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಆ ಊರನ್ನು ಸುಟ್ಟವು. ಹಾಗೆ ಊರಿಗೆ ಊರೇ ನೆಲಸಮ ಮಾಡುವುದಕ್ಕೆ ‘ಕೊವೆಂಟ್ರೇಟ್’ ಅಂತ ಪದ ಹುಟ್ಟಿತು. ಪೆಟ್ಟು ತಿಂದ ಊರೇ ಪೆಟ್ಟಿನ ಹೆಸರಾಯಿತು.

ಭಾರತದ ಊರು ಬೇಕು ಅಂದರೆ ನಾಸಿಕ್ ಹತ್ತಿರದ ದೇವಲಾಲಿ ಇದೆ. ಊರಿಗೆ ಮರಳಲು ಹಡಗಿಗೆ ಕಾಯುತ್ತಿದ್ದ ಬ್ರಿಟಿಷ್ ಸಿಪಾಯಿಗಳು ಅಲ್ಲಿನ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಬಿಸಿಲಲ್ಲಿ ಕೂತು ತಲೆ ಕೆಡಿಸಿಕೊಳ್ಳುತ್ತಿದ್ದರು. ಅದರಿಂದ ಇಂಗ್ಲಿಷಿನಲ್ಲಿ ‘ಡೂಲ್ಯಾಲಿ’ ಅಂದರೆ ತಲೆ ಕೆಟ್ಟವನು. ಇದು ಕ್ರಿಯಾಪದ ಅಲ್ಲ, ಆದರೂ ಸಂಬಂಧಿಕನೇ. ನಮ್ಮಲ್ಲಿ ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಅನ್ನುವುದಿಲ್ವಾ, ಹಾಗೆ.

ಬಾಯ್ಕಾಟ್ ಕೂಡ ಊರಿನ ಹೆಸರಾ?

ಅಲ್ಲ, ಮನುಷ್ಯನ ಹೆಸರು. 1880ರಲ್ಲಿ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಜಮೀನ್ದಾರನೊಬ್ಬನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ರೈತರು ಅವನ ಹೊಲಕ್ಕೆ ಕಾಲಿಡಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಅದೇ ವರ್ಷ ಅವನ ಹೆಸರು ಕ್ರಿಯಾಪದ ಆಗಿಹೋಯಿತು.

ಔಟ್‌ಸೋರ್ಸಿಂಗ್, ಆಫ್‌ಶೋರಿಂಗ್, ಬ್ಯಾಂಗಲೋರ್ಡ್, ಎಲ್ಲ ಒಂದೇನಾ?

ಅಲ್ಲ. ಆಫೀಸಿನ ಊಟದ ಕೆಲಸವನ್ನು ಹೊರಗಿನ ಕ್ಯಾಟರಿಂಗ್‌ನವರಿಗೆ ಕೊಟ್ಟರೆ ಅದು ಔಟ್‌ಸೋರ್ಸಿಂಗ್, ಅವರು ಪಕ್ಕದ ಬೀದಿಯವರಾದರೂ ಸರಿ. ಕಂಪನಿ ತನ್ನದೇ ಕಚೇರಿಯನ್ನು ಇನ್ನೊಂದು ದೇಶದಲ್ಲಿ ತೆರೆದು ಕೆಲಸ ಅಲ್ಲಿಗೆ ದಾಟಿಸಿದರೆ ಅದು ಆಫ್‌ಶೋರಿಂಗ್. ಇವೆರಡೂ ಕೆಲಸದ ಬಗ್ಗೆ ಹೇಳುವ ಪದ. ಬ್ಯಾಂಗಲೋರ್ಡ್ ಅನ್ನುವುದು ಕೆಲಸ ಕಳೆದುಕೊಂಡ ಮನುಷ್ಯನ ಬಗ್ಗೆ. ಮೀಟಿಂಗಿನಲ್ಲಿ ಮೊದಲೆರಡು ಬರುತ್ತವೆ. ಮೂರನೆಯದು ಬರುವುದು ಮೀಟಿಂಗ್ ಮುಗಿದ ಮೇಲೆ, ಪಾರ್ಕಿಂಗ್ ಜಾಗದಲ್ಲಿ.

ಅಮೆರಿಕದ ರಾಜಕಾರಣಿಗಳೂ ಬಳಸಿದ್ದಾರಾ?

ಅವರ ಜಗಳದ ಮಧ್ಯೆಯೇ ಈ ಪದ ಬೆಳೆದದ್ದು. 2004 ಅಲ್ಲಿ ಚುನಾವಣೆ ವರ್ಷ. ಕೆಲಸ ಹೊರಗೆ ಕಳಿಸುವ ಕಂಪನಿ ಮುಖ್ಯಸ್ಥರನ್ನು, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆರಿ ‘ಬೆನೆಡಿಕ್ಟ್ ಆರ್ನಾಲ್ಡ್’ಗಳು ಅಂತ ಕರೆದರು. ಅದು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಶತ್ರು ಕಡೆ ಸೇರಿದ ಸೇನಾಪತಿಯ ಹೆಸರು. ನಮ್ಮಲ್ಲಿ ‘ಮೀರ್ ಸಾದಿಕ್’ ಅಂದ ಹಾಗೆ. ಅದೇ ವರ್ಷದ ಫೆಬ್ರುವರಿಯಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾಂಕ್ಯೂ, ಔಟ್‌ಸೋರ್ಸಿಂಗ್ ಕೂಡ ಒಂದು ಬಗೆಯ ವ್ಯಾಪಾರವೇ, ಕಾಲಕ್ರಮೇಣ ದೇಶಕ್ಕೆ ಲಾಭವೇ ಅನ್ನುವ ಅರ್ಥದಲ್ಲಿ ಮಾತಾಡಿದರು. ಅರ್ಥಶಾಸ್ತ್ರದ ಪಾಠದಲ್ಲಿ ಹೇಳಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಚುನಾವಣೆ ವರ್ಷದಲ್ಲಿ ಹೇಳಿ ಸ್ವಂತ ಪಕ್ಷದವರಿಂದಲೂ ಬೈಸಿಕೊಂಡರು.

2009ರ ಮೇ ತಿಂಗಳಲ್ಲಿ ಬರಾಕ್ ಒಬಾಮ ನಮ್ಮ ಊರಿನ ಹೆಸರನ್ನೇ ಎತ್ತಿದರು. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸೃಷ್ಟಿಸಿದವರಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದವರಿಗೆ ತೆರಿಗೆ ಕಡಿಮೆ, ಇದು ಸರಿಯಲ್ಲ ಅನ್ನುವುದು ಅವರ ವಾದ. ಮರುದಿನ ನಮ್ಮ ಪೇಪರುಗಳಲ್ಲಿ ಮುಖಪುಟದ ಸುದ್ದಿ. ಇಂಗ್ಲಿಷಿನಲ್ಲಿ ಬಫಲೋ, ಬ್ಯಾಂಗಲೋರ್ ಎರಡೂ ‘ಬಿ’ಯಿಂದ ಶುರುವಾಗುತ್ತವೆ. ಭಾಷಣ ಬರೆದವರ ಕಿವಿ ಚುರುಕು ಅನ್ನಬೇಕು.

ಇದು ಬೈಗುಳವಾ? ನಾವು ಬೇಜಾರು ಮಾಡ್ಕೋಬೇಕಾ?

ಹೇಳುವವರ ದನಿಯ ಮೇಲೆ ಹೋಗುತ್ತದೆ. ಕೆಲಸ ಕಳೆದುಕೊಂಡವರು ಕಹಿಯಾಗಿ ನಗುತ್ತಾ ತಮ್ಮ ಬಗ್ಗೆ ಹೇಳಿಕೊಂಡರೆ ಅದು ಬೈಗುಳ ಅಲ್ಲ. ನಮ್ಮ ಮುಖ ನೋಡಿ ಹೇಳಿದರೆ, ಅಥವಾ ಪದದ ಜೊತೆ ನಮ್ಮ ಬಣ್ಣ, ಉಚ್ಚಾರಣೆಗಳನ್ನೂ ಎಳೆದು ತಂದರೆ ಆಗ ಖಂಡಿತ ಬೈಗುಳ. ಕಾಲ್ ಸೆಂಟರಿನಲ್ಲಿ ಅಂಥ ಫೋನುಗಳೂ ಬರುತ್ತಿದ್ದವು. ಬರೀ ಬೈಯಲು ಅಂತಲೇ ಫೋನ್ ಮಾಡುವವರು. ಅಂಥ ಕಾಲ್ ಬಂದಾಗ ನಮ್ಮ ಪಕ್ಕದ ಕುರ್ಚಿಯ ಹುಡುಗಿ ಮ್ಯೂಟ್ ಒತ್ತಿ ಅಪ್ಪಟ ಮಂಡ್ಯ ಕನ್ನಡದಲ್ಲಿ ಉತ್ತರ ಕೊಟ್ಟು, ಮ್ಯೂಟ್ ತೆಗೆದು ‘ಐ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್, ಸರ್’ ಅನ್ನುತ್ತಿದ್ದಳು.

ನನಗಂತೂ ಪದದ ಮೇಲೆ ಕೋಪ ಇಲ್ಲ. ಮನೆ ಕಂತು ಕಟ್ಟಬೇಕಾದ ಮನುಷ್ಯನಿಗೆ ಏಕಾಏಕಿ ಸಂಬಳ ನಿಂತಾಗ ಅವನು ವ್ಯಾಕರಣ ನೋಡಿ ಮಾತಾಡುವುದಿಲ್ಲ.

ಈ ಪದದ ಅವಮಾನ ತಪ್ಪಿಸಲು ಹೆಸರನ್ನು ಬೆಂಗಳೂರು ಅಂತ ಬದಲಾಯಿಸಿದರಂತೆ, ನಿಜವಾ?

ಇಲ್ಲ ರೀ. ಇದು ಯಾರೋ ಹಾರಿಸಿದ ಕಾಗೆ. ಕರ್ನಾಟಕ ಏಕೀಕರಣಕ್ಕೆ 50 ವರ್ಷ ತುಂಬುವ ಸಂದರ್ಭದಲ್ಲಿ ಊರುಗಳ ಹೆಸರನ್ನು ಕನ್ನಡದವರು ಕರೆಯುವಂತೆಯೇ ಬರೆಯೋಣ ಅಂತ ಯು.ಆರ್. ಅನಂತಮೂರ್ತಿ ಸಲಹೆ ಕೊಟ್ಟಿದ್ದರು. 2005ರ ಡಿಸೆಂಬರ್‌ನಲ್ಲಿ ಧರ್ಮಸಿಂಗ್ ಸರ್ಕಾರ ಒಪ್ಪಿತು. ಕಾಗದ ದೆಹಲಿಗೆ ಹೋಗಿ ಬರಲು ವರ್ಷಗಳೇ ಹಿಡಿದವು. ಕೊನೆಗೆ 2014ರ ನವೆಂಬರ್ 1ರಂದು ಮೈಸೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ ಎಲ್ಲ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಒಟ್ಟಿಗೆ ಬದಲಾದವು. ನಮಗೆ ಅದು ಬದಲಾವಣೆಯೇ ಅಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದ ಸುಮಾರು 890ರ ವೀರಗಲ್ಲಿನಲ್ಲೇ ‘ಬೆಂಗಳೂರ ಕಾಳಗ’ದ ಮಾತಿದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ಶತಮಾನಗಳ ಹಿಂದಿನ ಕಲ್ಲು ಅದು.

ಒಂದು ಮಾತು ನಿಜ. ಹೆಸರು ಬದಲಾವಣೆಯ ಸುದ್ದಿ ಬಂದಾಗ, ಇನ್ನು ಕೆಲಸ ಕಳೆದುಕೊಂಡವರು ‘ಬೆಂಗಳೂರೂಡ್’ ಆದೆ ಅನ್ನಬೇಕಾ ಅಂತ ಜೋಕ್ ಓಡಾಡಿತ್ತು. ‘ಉ’ಕಾರದ ಬಾಲಕ್ಕೆ ‘ಡಿ’ ಅಂಟುವುದಿಲ್ಲ. ಕನ್ನಡದ ಹೆಸರು ಅವರ ಕ್ರಿಯಾಪದಕ್ಕೆ ಬಗ್ಗಲಿಲ್ಲ ಅಂತ ನಾನಂತೂ ಸ್ವಲ್ಪ ಖುಷಿ ಪಟ್ಟೆ.

‘ಬ್ಯಾಂಗಲೋರ್ ಟಾರ್ಪಿಡೊ’ಗೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. 1912ರಲ್ಲಿ ನಮ್ಮ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನೆಯ ಎಂಜಿನಿಯರುಗಳ ದಳದಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಒಂದು ಉಪಾಯ ಹುಡುಕಿದ. ಪೈಪುಗಳಲ್ಲಿ ಸಿಡಿಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿ ಬೇಲಿಯ ಅಡಿಗೆ ದೂರದಿಂದಲೇ ತಳ್ಳಿ ಸಿಡಿಸುವುದು. ದಾರಿ ತೆರೆದುಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಅಮೆರಿಕದ ಸೈನಿಕರು ಇದನ್ನೇ ಬಳಸಿದರು. ಹಲಸೂರು ಕೆರೆ ಪಕ್ಕದ ಎಂಇಜಿ ಇದೆಯಲ್ಲ, ಅದೇ ಆ ದಳ. ಅಂದರೆ ಅಮೆರಿಕದ ಅಜ್ಜನಿಗೆ ಬ್ಯಾಂಗಲೋರ್ ಅಂದರೆ ದಾರಿ ಬಿಡಿಸುವ ಪೈಪು, ಮೊಮ್ಮಗನಿಗೆ ದಾರಿ ತಪ್ಪಿಸುವ ಊರು.

ಈಗಲೂ ಬಳಸುತ್ತಾರಾ?

ಕಡಿಮೆ. ಆಡುಮಾತಿನ ಪದಗಳು ಅವರೆಕಾಯಿ ಹಾಗೆ, ಸೀಸನ್ ಮುಗಿದರೆ ಸೊಗಡು ಹೋಗುತ್ತದೆ. ಅಲ್ಲದೆ ಕೆಲಸ ಬರುವ ರೀತಿಯೂ ಬದಲಾಗಿದೆ. ಈಗ ಬೆಂಗಳೂರಿನಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಸ್ವಂತ ಕಚೇರಿಗಳೇ ನೂರಾರು ಇವೆ, ಜಿಸಿಸಿ ಅನ್ನುತ್ತಾರೆ. ಅಲ್ಲಿನ ಹಳೆಯ ಕೆಲಸ ಇಲ್ಲಿಗೆ ಬರುವುದಕ್ಕಿಂತ ಹೊಸ ಕೆಲಸ ಇಲ್ಲೇ ಹುಟ್ಟುವುದು ಜಾಸ್ತಿ. ಹುಟ್ಟದೇ ಇದ್ದ ಕೆಲಸವನ್ನು ಕಳೆದುಕೊಂಡೆ ಅಂತ ಯಾರು ಹೇಳಿಕೊಳ್ಳುತ್ತಾರೆ? ಫೋನ್ ಎತ್ತುವ ಕೆಲಸವಂತೂ 2010ರ ಹೊತ್ತಿಗೆ ಮನಿಲಾ ಕಡೆ ಬಹಳ ವಾಲಿತು.

ಬೆಂಗಳೂರಿನವರೇ ಬ್ಯಾಂಗಲೋರ್ಡ್ ಆಗಬಹುದಾ?

ಆಗಬಹುದು. ಆಗಿ ಕೂತಿರುವವನೇ ಇದನ್ನು ಬರೆಯುತ್ತಿದ್ದೇನೆ.

ಪ್ರಿಂಟರ್ ಬಿಟ್ಟು ನಾನು ಇನ್ನೊಂದು ಕಡೆ ಬಿಲ್ಲಿಂಗ್ ಸಾಫ್ಟ್‌ವೇರ್ ಸಪೋರ್ಟಿಗೆ ಸೇರಿದ್ದೆ. ಹತ್ತು ವರ್ಷ ಅಲ್ಲೇ ಸವೆಸಿದ ಮೇಲೆ ಒಂದು ದಿನ ‘ಕೆಟಿ’ ಶುರು ಮಾಡಿ ಅಂದರು. ಕೆಟಿ ಅಂದರೆ ನಿಮಗೆ ಗೊತ್ತಿರುವುದನ್ನೆಲ್ಲ ಇನ್ನೊಬ್ಬರಿಗೆ ಧಾರೆ ಎರೆಯುವುದು. ಎದುರಿಗೆ ಸ್ಕ್ರೀನಿನಲ್ಲಿ ಮನಿಲಾದ ಮೂರು ಹುಡುಗರು, ಇಬ್ಬರು ಹುಡುಗಿಯರು. ಐದು ವಾರ ಪಾಠ ಮಾಡಿದೆ. ಯಾವ ಸರ್ವರ್ ಸೋಮವಾರ ಹಟ ಮಾಡುತ್ತದೆ, ಯಾವ ಗ್ರಾಹಕರಿಗೆ ಮೇಲ್ ಹಾಕದೆ ಫೋನೇ ಮಾಡಬೇಕು, ಎಲ್ಲ ಹೇಳಿಕೊಟ್ಟೆ. ಒಳ್ಳೆ ಮಕ್ಕಳು. ಒಬ್ಬಳಂತೂ ದಿನಾ ನೋಟ್ಸ್ ಬರೆದು ತಿದ್ದಲು ಕಳಿಸುತ್ತಿದ್ದಳು. ಆರನೇ ವಾರ ನನಗೆ ಮೇಲ್ ಬಂತು. ‘ನಿಮ್ಮ ಹುದ್ದೆಯ ಮೇಲೆ ಪರಿಣಾಮ ಆಗಿದೆ’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು.

ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು?

ಪದ ಕಟ್ಟುವುದು ಕಷ್ಟವೇ ಅಲ್ಲ. ನಮ್ಮಲ್ಲಿ ‘ಇಸು’ ಇದೆ. ಕನ್ನಡಕ್ಕೆ ತರುವುದನ್ನು ‘ಕನ್ನಡಿಸು’ ಅನ್ನುತ್ತೇವೆ. ಫೋನಾಯಿಸು, ಗೂಗಲಿಸು ಬಂದಿವೆ. ಹಾಗೇ ‘ಬೆಂಗಳೂರಿಸು’ ಅಂತ ಮಾಡಬಹುದು. ‘ಅವನನ್ನ ಬೆಂಗಳೂರಿಸಿದ್ರು.’ ಕೇಳಲು ಚೆನ್ನಾಗಿದೆ, ಆದರೆ ಅವನನ್ನು ಬೆಂಗಳೂರಿನವನನ್ನಾಗಿ ಮಾಡಿದರು ಅನ್ನುವ ಅರ್ಥ ಬರುತ್ತದೆ. ಹಳ್ಳಿ ಹುಡುಗ ಮೂರು ತಿಂಗಳಲ್ಲಿ ‘ಮಚ್ಚಾ’ ಅನ್ನಲು ಶುರು ಮಾಡಿದರೆ ಈ ಪದ ಸರಿ ಹೋಗುತ್ತದೆ.

ಸರ್ಕಾರಿ ನೌಕರರ ಬಾಯಲ್ಲಿ ‘ಎತ್ತಂಗಡಿ’ ಇದೆ. ಅಂಗಡಿ ಎತ್ತಿದ ಹಾಗೆ ಒಬ್ಬರನ್ನು ಒಂದು ಊರಿಂದ ಇನ್ನೊಂದು ಊರಿಗೆ ಎತ್ತಿ ಹಾಕುವುದು. ಹತ್ತಿರದ ಪದವೇ. ಆದರೆ ಎತ್ತಂಗಡಿಯಲ್ಲಿ ಮನುಷ್ಯ ಹೋಗುತ್ತಾನೆ, ಸಂಬಳ ಜೊತೆಗೇ ಹೋಗುತ್ತದೆ. ಇಲ್ಲಿ ಕೆಲಸ ಹೋಗುತ್ತದೆ, ಮನುಷ್ಯ ಕೂತಲ್ಲೇ ಉಳಿಯುತ್ತಾನೆ. ‘ಕೆಲಸದ ಎತ್ತಂಗಡಿ’ ಅಂದರೆ ಅಡ್ಡಿಯಿಲ್ಲ.

ನಿಜವಾದ ತೊಡಕು ಬೇರೆ. ಇಂಗ್ಲಿಷಿನ ಪದದಲ್ಲಿ ಮಾಡಿದವರೇ ಇಲ್ಲ. ‘ಬ್ಯಾಂಗಲೋರ್ಡ್ ಆದೆ’ ಅಂದರೆ ಮುಗಿಯಿತು. ಊರಿನ ಹೆಸರು ಬಂತು, ಕೆಲಸ ಹೋಯಿತು, ಯಾರು ತೆಗೆದರು ಅನ್ನುವ ಮಾತೇ ಬರಲಿಲ್ಲ. ಕನ್ನಡದ ಆಡುಮಾತಿಗೆ ಹಾಗೆ ಹೇಳಿ ಅಭ್ಯಾಸ ಇಲ್ಲ. ‘ತೆಗೆಯಲ್ಪಟ್ಟೆನು’ ಅಂತ ಯಾರಾದರೂ ಮಾತಾಡುತ್ತಾರಾ? ‘ತೆಗೆದ್ರು’ ಅನ್ನುತ್ತೇವೆ. ‘ತೆಗೆದ್ರು’ ಅಂದ ತಕ್ಷಣ ಅದರೊಳಗೆ ಒಬ್ಬರು ಬಂದು ಕೂರುತ್ತಾರೆ.

ಆ ಮೇಲ್ ಬಂದ ದಿನ ತಿಪಟೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ. ಹೇಗೆ ಹೇಳುವುದು ಅಂತ ಗೊತ್ತಾಗದೆ, ‘ಅಮ್ಮ, ನಮ್ಮ ಕೆಲಸ ಮನಿಲಾಗೆ ಹೋಯ್ತು’ ಅಂದೆ.

‘ಅದೇ ಎದ್ದು ಹೋಯ್ತೇನೋ? ಕಳಿಸಿದ್ದು ಯಾರು?’ ಅಂದಳು.

ಇಂಗ್ಲಿಷಿನಲ್ಲಿ ಬರೆಯುವಾಗ ನಾನು ಬಳಸಬಹುದಾ?

ಸ್ನೇಹಿತರ ಜೊತೆ ಚಾಟ್ ಮಾಡುವಾಗ ಬಳಸಿ. ಅರ್ಜಿಯಲ್ಲಿ, ಇಂಟರ್‌ವ್ಯೂನಲ್ಲಿ ಬೇಡ. ‘ಹಿಂದಿನ ಕೆಲಸ ಯಾಕೆ ಬಿಟ್ಟಿರಿ’ ಅಂತ ಕೇಳಿದಾಗ ನಾನೊಮ್ಮೆ ತಮಾಷೆಗೆ ‘ಬ್ಯಾಂಗಲೋರ್ಡ್ ಆದೆ’ ಅಂದೆ. ಇಂಟರ್‌ವ್ಯೂ ಮಾಡುತ್ತಿದ್ದ ಹುಡುಗನಿಗೆ ಇಪ್ಪತ್ತೈದು ವಯಸ್ಸಿರಬೇಕು. ‘ಓ, ಟ್ರಾಫಿಕ್ ಪ್ರಾಬ್ಲಮ್ಮಾ ಸರ್?’ ಅಂದ.